ಪುತ್ತಿಗೆಯ ಕೋಣೆಯಲ್ಲಿ ನಾಲ್ಕು ದಿನ

ಎರಡು ವರ್ಷದ ಸೇವೆಗೆಂದು ಹೊರದೇಶಕ್ಕೆ ಹೊರಟವರು ನಿಮ್ಮ ಮುಂದೆ ಬಂದು ಕೂತರೆ ಮೊದಲು ಅವರ ಹಲ್ಲು ನೋಡಿ. ಮನಸ್ಸನ್ನು ಆಮೇಲೆ ನೋಡಬಹುದು. ಇದು ನನ್ನ ಮಾತಲ್ಲ, ನಮ್ಮ ಡಾಕ್ಟರದ್ದು. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ಹೇಳಿದ್ದು ಇದನ್ನೇ. ನನಗೆ ನಗು ಬಂದಿತ್ತು. ಆಸ್ಪತ್ರೆಯಲ್ಲಿ ಹೃದಯ, ಕಿಡ್ನಿ ಎಂದು ಓಡಾಡಿ ಬಂದವಳಿಗೆ ಹಲ್ಲು ಎಂದರೆ ಎಷ್ಟರದ್ದು? ಆರು ತಿಂಗಳು ಕಳೆದ ಮೇಲೆ ಉಗಾಂಡದ ಯಾವುದೋ ಹಳ್ಳಿಯಿಂದ ನಾವು ಕಳಿಸಿದ್ದ ಟೀಚರೊಬ್ಬರು ಫೋನ್ ಮಾಡಿ ದವಡೆ ನೋವೆಂದು ಅತ್ತಾಗ ನಗು ನಿಂತಿತು. ಅಲ್ಲಿಂದ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಒಂದೂವರೆ ದಿನದ ದಾರಿ. ಆಕೆಯ ಬಾಯಿ ನೋಡಿ ಎಲ್ಲ ಸರಿ ಉಂಟು ಎಂದು ಬರೆದವಳು ನಾನೇ.

ಈಗ ನನ್ನ ಜಾಗದಲ್ಲಿ ಕೂತಿರುವ ಹೊಸ ನರ್ಸ್ ಕೇಳಿದಳೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಸುಮತಿ, ಮೂಡುಬಿದಿರೆಯವಳು. ನಾನು ದುಡಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನ ಹತ್ತಿರ ಮೂರನೇ ಮಾಳಿಗೆಯಲ್ಲಿ ಅದರ ಆಫೀಸು. ನಮ್ಮ ಊರುಗಳ ಟೀಚರು, ನರ್ಸು, ಎಲೆಕ್ಟ್ರಿಷಿಯನ್, ಬಡಗಿ ಇಂಥವರನ್ನು ಆಫ್ರಿಕದ ಹಳ್ಳಿಗಳಿಗೆ ಎರಡೆರಡು ವರ್ಷ ಕಳಿಸುವುದು ಅವರ ಕೆಲಸ. ಸಂಬಳ ಇಲ್ಲ, ಊಟ ವಸತಿ ಮಾತ್ರ. ಹೊರಟವರನ್ನು ತಯಾರು ಮಾಡುವುದು ನನ್ನ ಕೆಲಸ. ರಕ್ತ, ಮೂತ್ರ, ಎಕ್ಸ್‌ರೇ, ಕಣ್ಣು, ಹಲ್ಲು, ಲಸಿಕೆ. ಅದೆಲ್ಲ ಮುಗಿದ ಮೇಲೆ ಕೂರಿಸಿ ಮಾತಾಡಿಸಿ, ಈ ಮನುಷ್ಯ ಅಲ್ಲಿ ಎರಡು ವರ್ಷ ನಿಂತಾನೇ ಇಲ್ಲವೇ ಎಂದು ಒಂದು ರಿಪೋರ್ಟು ಬರೆಯುವುದು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದೆ. ನಾನು ಮಾತ್ರ ಒಮ್ಮೆಯೂ ವಿಮಾನ ಹತ್ತಿಲ್ಲ.

ನಮ್ಮ ಕಡೆಯವರಿಗೆ ಹೊರದೇಶ ಎಂದರೆ ಗಲ್ಫ್, ಮೆಡಿಕಲ್ ಎಂದರೆ ಗಲ್ಫ್ ಮೆಡಿಕಲ್. ಅದರಲ್ಲಿ ಒಂದೋ ಫಿಟ್, ಇಲ್ಲ ಅನ್‌ಫಿಟ್. ಅನ್‌ಫಿಟ್ ಎಂದು ಬಂದರೆ ಕೆಲಸ ಹೋಯಿತು. ಹಾಗಾಗಿ ಮೆಡಿಕಲ್ ಎಂದರೆ ಕಾಯಿಲೆಯನ್ನು ಅಡಗಿಸುವ ಜಾಗ ಎಂದು ಎರಡು ತಲೆಮಾರಿನವರು ಕಲಿತುಬಿಟ್ಟಿದ್ದಾರೆ. ನಾನು ಬಾಯಿ ಬಡಿದುಕೊಂಡು ಹೇಳುತ್ತಿದ್ದೆ, ನಿಮ್ಮನ್ನು ಬೀಳಿಸಲಿಕ್ಕೆ ಕೂತದ್ದಲ್ಲ ಮಾರಾಯ್ರೆ, ಎರಡು ವರ್ಷಕ್ಕೆ ಬೇಕಾದ ಮಾತ್ರೆ ಕಟ್ಟಿಕೊಡಲಿಕ್ಕೆ ಕೇಳುವುದು ಎಂದು. ತಲೆಯಾಡಿಸುತ್ತಿದ್ದರು, ಅಡಗಿಸುತ್ತಿದ್ದರು. ಐಟಿಐಯಲ್ಲಿ ಪಾಠ ಮಾಡಿದ ಒಬ್ಬ ಬಡಗಿ ಬೆಳಿಗ್ಗೆ ಮನೆಯಿಂದಲೇ ಮೂತ್ರ ಹಿಡಿದು ತಂದರು. ನೋಡಿದರೆ ಧಾರಾಳ ಸಕ್ಕರೆ. ವಿಷಯ ತಿಳಿಸಿದೆ. ಮನುಷ್ಯ ಬೆವತು ಹೋದರು. ಅದು ತನ್ನದಲ್ಲ, ಭಾವನದ್ದು ಎಂದು ಮೆಲ್ಲ ಬಾಯಿ ಬಿಟ್ಟರು. ತಮ್ಮದರಲ್ಲಿ ಎಂತ ಬರುವುದೋ ಎಂಬ ಹೆದರಿಕೆಗೆ ಗಟ್ಟಿಮುಟ್ಟಾದ ಭಾವನ ಮೂತ್ರ ಸಾಲ ತಂದಿದ್ದರು. ಅವರದ್ದು ಪರೀಕ್ಷೆ ಮಾಡಿದರೆ ಏನೇನೂ ತೊಂದರೆ ಇಲ್ಲ. ಭಾವನಿಗೆ ಸಕ್ಕರೆ ಕಾಯಿಲೆ ಇರುವುದು ಭಾವನಿಗೇ ಗೊತ್ತಿರಲಿಲ್ಲ. ಆ ಭಾವ ಮರುವಾರ ಒಂದು ಕದಳಿ ಬಾಳೆಗೊನೆ ಹಿಡಿದುಕೊಂಡು ಮೂರು ಮಾಳಿಗೆ ಹತ್ತಿ ಬಂದಿದ್ದರು.

ಮನಸ್ಸಿನ ವಿಷಯ ಇನ್ನೂ ಕಷ್ಟ. ಮೊದಮೊದಲು ಡಾಕ್ಟರು ಒಂದು ಗಂಟೆ ಭಾಷಣ ಮಾಡುತ್ತಿದ್ದರು. ಹೊಸ ಹವೆ, ಹೊಸ ಭಾಷೆ, ಧೈರ್ಯ ಬಿಡಬೇಡಿ, ಹೀಗೆ. ಕೇಳಿದವರು ಕೈಮುಗಿದು ಹೋಗುತ್ತಿದ್ದರು. ಅದಕ್ಕೆ ನಾನು ನನ್ನದೊಂದು ಪ್ರಶ್ನೆ ಸೇರಿಸಿದೆ. ನೀವು ಅಲ್ಲಿರುವಾಗ ಇಲ್ಲಿ ಮನೆಯಲ್ಲಿ ಯಾರಾದರೂ ತೀರಿಹೋದರೆ ಏನು ಮಾಡುತ್ತೀರಿ? ಇಂಥದ್ದನ್ನು ಬಾಯಲ್ಲಿ ಆಡುವುದೇ ನಮ್ಮಲ್ಲಿ ತಪ್ಪು. ಬೆಳ್ತಂಗಡಿಯಿಂದ ಮಗನ ಜೊತೆ ಬಂದಿದ್ದ ಒಬ್ಬ ತಾಯಿ ಬಿಡ್ತು ಅನ್ನಿ ಎಂದು ಎದ್ದು ನಿಂತರು. ಬಿಡ್ತು ಎಂದೆ. ಆಮೇಲೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದೆ. ಅವರಿಗೆ ಇವತ್ತಿಗೂ ನನ್ನ ಮೇಲೆ ಸಿಟ್ಟು ಉಂಟಂತೆ. ಇರಲಿ.

ಆದರೆ ಅವಧಿಗೆ ಮೊದಲೇ ವಾಪಸ್ಸು ಬಂದವರನ್ನು ಕೂರಿಸಿ ಕೇಳಿದಾಗ ಅವರಲ್ಲಿ ಹೆಚ್ಚಿನವರು ಹೇಳಿದ್ದು ಬೇರೆಯೇ. ಜ್ವರ ತಡೆದುಕೊಂಡರು, ಸೊಳ್ಳೆ ತಡೆದುಕೊಂಡರು. ಒಬ್ಬರೇ ಕೂತು ಉಣ್ಣಲು ಮಾತ್ರ ಆಗಲಿಲ್ಲವಂತೆ. ನಮ್ಮಲ್ಲಿ ಎಷ್ಟು ಜನ ಹುಟ್ಟಿದಂದಿನಿಂದ ಒಂದು ಹೊತ್ತಾದರೂ ಒಂಟಿಯಾಗಿ ಉಂಡಿದ್ದಾರೆ? ಅಮ್ಮ ಬಡಿಸಬೇಕು, ಇಲ್ಲವಾದರೆ ಪಕ್ಕದಲ್ಲಿ ಒಬ್ಬರು ಇರಬೇಕು. ಅದಕ್ಕೇ ಪುತ್ತಿಗೆಯ ಕೋಣೆ ಶುರುವಾಯಿತು.

ಪುತ್ತಿಗೆ ನನ್ನ ಮನೆಯಿಂದ ಹತ್ತು ನಿಮಿಷದ ಬಸ್ಸಿನ ದಾರಿ. ಅಲ್ಲಿ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಬಾಡಿಗೆ ಕೋಣೆ ಹಿಡಿದೆವು. ಒಂದು ಮಂಚ, ಗ್ಯಾಸ್ ಒಲೆ, ಅಕ್ಕಿ, ಬೇಳೆ, ತರಕಾರಿ. ಹೊರಡುವವರು ಫೋನನ್ನು ನನ್ನ ಕೈಯಲ್ಲಿ ಕೊಟ್ಟು ಅಲ್ಲಿ ನಾಲ್ಕು ದಿನ ಇರಬೇಕು. ಅಡುಗೆ ತಾವೇ, ಊಟ ತಾವೇ, ದಿನಕ್ಕೆ ಒಂದು ಪುಟ ಬರೆಯಬೇಕು. ತಿರುಗಾಡಬಹುದು, ಯಾರ ಜೊತೆಗೂ ಕೂತು ಮಾತಾಡುವಂತಿಲ್ಲ. ನಾಲ್ಕನೇ ದಿನ ಮಧ್ಯಾಹ್ನದವರೆಗೆ ಯಾರೂ ಅಲ್ಲಿಗೆ ಹೋಗಬಾರದು, ನಾನು ಕೂಡ. ಯಾರಾದರೂ ಜೊತೆಗೆ ಇದ್ದರೆ ಆ ನಾಲ್ಕು ದಿನ ಲೆಕ್ಕಕ್ಕಿಲ್ಲ. ಆ ನಿಯಮ ಬರೆದದ್ದೂ ನಾನೇ.

ಅಬ್ಬ, ಎಂತೆಂಥವರನ್ನು ಕಂಡೆ. ಮೊದಲ ದಿನ ಎಲ್ಲರೂ ಹೆಚ್ಚು ಅನ್ನ ಮಾಡುತ್ತಾರೆ. ಒಬ್ಬರಿಗೆ ಎಷ್ಟು ಅಕ್ಕಿ ಎಂದು ಗೊತ್ತೇ ಇರುವುದಿಲ್ಲ. ಒಬ್ಬ ಟೀಚರು ಐದು ಜನರ ಅಳತೆಗೆ ಮಾಡಿ ನಾಲ್ಕು ದಿನವೂ ಹಳಸಿದ್ದನ್ನು ಚೆಲ್ಲಿದರು. ಒಬ್ಬ ಹುಡುಗ ಅಡುಗೆ ಮಾಡಿಟ್ಟು ಮೂರು ಗಂಟೆಯವರೆಗೆ ಉಣ್ಣಲೇ ಇಲ್ಲ. ಯಾಕೆ ಎಂದರೆ ಊಟಕ್ಕೆ ಬಾ ಎಂದು ಯಾರೂ ಕರೆಯಲಿಲ್ಲವಂತೆ. ಬೆಳ್ತಂಗಡಿ ಕಡೆಯ ಎಲೆಕ್ಟ್ರಿಷಿಯನ್ ಒಬ್ಬ ಮೊದಲ ದಿನ ಸಂಜೆಯೇ ಬಸ್ಸು ಹತ್ತಿ ಪರಾರಿ. ಮರುದಿನ ಆಫೀಸಿಗೆ ಬಂದು ಸಂಬಂಧಿಕರೊಬ್ಬರು ಹೋಗಿಬಿಟ್ಟರು ಎಂದ. ಯಾರು ಎಂದು ಕೇಳಿದರೆ ಹೆಸರು ಸಿಗಲಿಲ್ಲ. ನಾನು ಅವನನ್ನು ಚೆನ್ನಾಗಿ ಬೈದು, ಆಗುವುದಿಲ್ಲ ಎಂದೇ ಬರೆದಿದ್ದೆ. ಡಾಕ್ಟರು ಆ ಒಂದು ಸಲ ನನ್ನ ಮಾತು ತೆಗೆದುಹಾಕಿ ಅವನನ್ನು ಕಳಿಸಿದರು. ಅವನು ಎರಡು ವರ್ಷ ಮುಗಿಸಿ ಮೂರನೆಯ ವರ್ಷವೂ ಅಲ್ಲೇ ಉಳಿದ. ಕೋಣೆಯನ್ನೂ ಪೂರ್ತಿ ನಂಬಬಾರದು ಎಂದು ನಾನು ಆಗ ಕಲಿಯಬೇಕಿತ್ತು.

ಕೋಣೆಯಿಂದ ಹೊರಗೆ ಬಂದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಿದ್ದರು. ಜನ ಹೀಗೆ ಹೇಗೆ ಬದುಕುತ್ತಾರೆ ಸಿಸ್ಟರ್? ನಾನು ನಗುತ್ತಿದ್ದೆ. ಅಮ್ಮ ಹೋದ ಮೇಲೆ ನಾನು ಹಾಗೆಯೇ ಬದುಕುತ್ತಿದ್ದೆ. ಮದುವೆ ಆಗಲಿಲ್ಲ. ಮೂಡುಬಿದಿರೆಯ ಎರಡು ಕೋಣೆಯ ಮನೆಯಲ್ಲಿ ಒಂದು ಮುಷ್ಟಿ ಅಕ್ಕಿಯ ಅನ್ನ, ಒಂದು ಸಾರು. ಅವರಿಗೆ ನಾಲ್ಕು ದಿನದ ಪರೀಕ್ಷೆ. ನನ್ನನ್ನು ಯಾರೂ ಪರೀಕ್ಷೆ ಮಾಡಲಿಲ್ಲ, ಹೇಗಿದ್ದೀರಿ ಎಂದು ಕೇಳಲೂ ಇಲ್ಲ. ನನಗೆ ಬೇಸರ ಇತ್ತು, ಬಹಳ ಇತ್ತು. ಇಷ್ಟು ವರ್ಷದಲ್ಲಿ ಈ ಮಾತನ್ನು ಬರೆಯುತ್ತಿರುವುದು ಇದೇ ಮೊದಲು.

ಜುಬೈದಾ ಬಂದದ್ದು ಆ ಕಾಲದಲ್ಲಿ. ಮೂವತ್ತೊಂದು ವರ್ಷ, ಕಲ್ಲಡ್ಕದ ಹತ್ತಿರ ಮನೆ, ಬಿ.ಸಿ.ರೋಡಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಮದುವೆ ಆಗಿ ಒಂದೇ ವರ್ಷದಲ್ಲಿ ತಲಾಖ್ ಆಗಿತ್ತು. ಮಲಾವಿಯಲ್ಲಿ ನಡೆಯಲಾಗದ ಮಕ್ಕಳ ಒಂದು ಕೇಂದ್ರಕ್ಕೆ ಫಿಸಿಯೋ ಬೇಕಾಗಿತ್ತು. ಅವಳಿಗೆ ಅಲ್ಲಿಗೆ ಹೋಗಬೇಕು, ಅದು ಬಿಟ್ಟು ಬೇರೆ ಏನೂ ಬೇಡ. ಮನೆಯ ಮೂಲೆಯಲ್ಲಿ ಎಲ್ಲರ ಕನಿಕರ ನೋಡಿಕೊಂಡು ಕೂರುವುದು ಸಾಕಾಗಿದೆ ಎಂದು ಮೊದಲ ದಿನವೇ ಹೇಳಿದಳು. ಅವಳ ಮನೆಮಾತು ಬ್ಯಾರಿ, ನನ್ನದು ತುಳು. ನಾವು ತುಳುವಿನಲ್ಲೇ ಮಾತಾಡಿದ್ದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನನ್ನ ಸಾವಿನ ಪ್ರಶ್ನೆಗೆ ಅವಳು ಹೆದರಲಿಲ್ಲ. ಆ ಪ್ರಶ್ನೆಯನ್ನು ತಂದೆಯ ಹತ್ತಿರ ಮೊದಲೇ ಕೇಳಿ ಬಂದಿದ್ದಳು. ತಂದೆ ಹಸನಬ್ಬ ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿದ್ದವರು. ತನ್ನ ತಾಯಿ ಹೋದಾಗ ಅವರಿಗೆ ರಜೆ ಸಿಗಲಿಲ್ಲವಂತೆ. ಕ್ಯಾಂಪಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು ಡ್ಯೂಟಿಗೆ ಹೋದದ್ದನ್ನು ಅವರು ಆವರೆಗೆ ಯಾರಿಗೂ ಹೇಳಿರಲಿಲ್ಲವಂತೆ, ಈ ಮಗಳು ಕೇಳಿದ್ದಕ್ಕೆ ಹೇಳಿದರು. ನೀನು ಹೋಗು, ನಾನು ಕರೆದರೆ ಮಾತ್ರ ಬಾ ಎಂದರಂತೆ. ಇಷ್ಟು ತಯಾರಾಗಿ ಬಂದವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅವಳು ಪುತ್ತಿಗೆಗೆ ಹೋದ ಎರಡನೇ ದಿನ ನಾನು ಗ್ಯಾಸ್ ಸರಿ ಇದೆಯಾ ನೋಡುವ ನೆವದಲ್ಲಿ ಅಲ್ಲಿಗೆ ಹೋದೆ. ಯಾಕೆ ಹೋದೆ? ಶನಿವಾರ ಅರ್ಧ ದಿನ ರಜೆ, ಮನೆಯಲ್ಲಿ ಮಾಡಲಿಕ್ಕೆ ಏನೂ ಇರಲಿಲ್ಲ. ಅವಳು ಸರಿಯಾಗಿ ಒಬ್ಬಳಿಗೆ ಆಗುವಷ್ಟೇ ಅಡುಗೆ ಮಾಡಿ, ಉಂಡು, ಪಾತ್ರೆ ಕವುಚಿ ಇಟ್ಟು, ಕಿಟಕಿಯ ಹತ್ತಿರ ಕೂತಿದ್ದಳು. ಆರಾಮವಾಗಿದ್ದಳು. ನೀವು ಬರಬಾರದಲ್ವಾ ಸಿಸ್ಟರ್ ಎಂದು ನಕ್ಕಳು, ಬಂದವರನ್ನು ಹೊರಗೆ ನಿಲ್ಲಿಸುವುದು ಹೇಗೆಂದು ಚಹಾ ಮಾಡಿದಳು. ಮೂರನೇ ದಿನ ನಾನು ಅಕ್ಕಿಯ ಪುಂಡಿ ಕಡುಬು, ಬಸಳೆ ಪದಾರ್ಥ ಮಾಡಿಕೊಂಡು ಹೋದೆ. ಇಬ್ಬರೂ ಚಾಪೆಯಲ್ಲಿ ಕೂತು ಉಂಡೆವು. ಎಷ್ಟೋ ವರ್ಷದ ಮೇಲೆ ನನ್ನ ಎದುರಿಗೆ ಇನ್ನೊಂದು ತಟ್ಟೆ ಇತ್ತು. ನನಗೆ ಆದ ಸಂತೋಷವನ್ನು ಈಗ ಹೇಳಲಿಕ್ಕೂ ನಾಚಿಕೆ ಆಗುತ್ತದೆ.

ಆಮೇಲಿನದ್ದು ನಾನು ಗೊತ್ತಿದ್ದೇ ಮಾಡಿದ್ದು. ಕಾಮಾಲೆಯ ಲಸಿಕೆಗೆ ಎರಡು ಕ್ರಮ ಉಂಟು. ಬೇಗ ಹೊರಡುವವರಿಗೆ ಮೂರು ವಾರದಲ್ಲಿ ಮೂರು ಚುಚ್ಚುಮದ್ದು ಕೊಟ್ಟು ಕಳಿಸಿ, ಒಂದು ವರ್ಷದ ಮೇಲೆ ಇನ್ನೊಂದು. ಇಲ್ಲವಾದರೆ ಆರು ತಿಂಗಳಲ್ಲಿ ಮೂರು. ಅವಳಿಗೆ ಆರು ತಿಂಗಳದ್ದನ್ನು ಬರೆದೆ. ರಕ್ತ ಇನ್ನೊಮ್ಮೆ ನೋಡುವ ಎಂದೆ, ಕಣ್ಣು ಇನ್ನೊಮ್ಮೆ ನೋಡುವ ಎಂದೆ. ಅವಳು ನಂಬಿದಳು. ಪ್ರತಿ ಶನಿವಾರ ಕ್ಲಿನಿಕ್ ಮುಗಿಸಿ ನನ್ನ ಹತ್ತಿರ ಬರುತ್ತಿದ್ದಳು. ಕೆಳಗಿನ ಹೋಟೆಲಿನಲ್ಲಿ ಗೋಳಿಬಜೆ ತಿಂದು, ಬಸ್ ಸ್ಟ್ಯಾಂಡಿನಲ್ಲಿ ನನ್ನ ಮೂಡುಬಿದಿರೆ ಬಸ್ಸು ಬರುವವರೆಗೆ ನಿಂತು ಮಾತಾಡುತ್ತಿದ್ದಳು. ಕ್ಲಿನಿಕ್ಕಿಗೆ ಬರುವ ಅಜ್ಜಂದಿರ ಅಣಕ ಮಾಡಿ ತೋರಿಸುವಳು. ಅವರು ಮೊಣಕಾಲು ಎತ್ತುವಾಗ ಮುಖ ಹೇಗೆ ಮಾಡುತ್ತಾರೆ ಎಂದು ಬಸ್ ಸ್ಟ್ಯಾಂಡಿನ ನಡುವೆಯೇ ಮಾಡಿ ತೋರಿಸಿದ್ದಳು. ನಾನು ವಾರವಿಡೀ ಶನಿವಾರವನ್ನು ಕಾಯುತ್ತಿದ್ದೆ.

ಮಲಾವಿಯಿಂದ ಪತ್ರ ಬಂತು, ಇನ್ನು ತಡ ಮಾಡಲಾಗದು, ಕಳಿಸುವುದಾದರೆ ಈಗ ಕಳಿಸಿ ಎಂದು. ಡಾಕ್ಟರು ರಿಪೋರ್ಟು ಕೇಳಿದರು. ನಾನು ಎರಡು ದಿನ ಪೆನ್ನು ಹಿಡಿದು ಕೂತೆ. ಕೊನೆಗೆ ಬರೆದೆ. ನಾಲ್ಕು ದಿನಗಳನ್ನು ಪೂರ್ತಿ ಒಂಟಿಯಾಗಿ ಕಳೆದಿರುವುದಿಲ್ಲ, ಜೊತೆಗೆ ಜನ ಸೇರಿಸಿಕೊಂಡಿದ್ದಾರೆ, ಆರು ತಿಂಗಳ ನಂತರ ಮತ್ತೆ ನೋಡಬಹುದು. ಒಂದೊಂದು ಅಕ್ಷರವೂ ನಿಜ. ಆ ಜನ ಯಾರು ಎಂದು ಬರೆಯಲಿಲ್ಲ. ಡಾಕ್ಟರು ಈ ಹುಡುಗಿಗೆ ಎಂತ ಕೊರತೆ ಕಂಡಿತು ನಿಮಗೆ ಎಂದು ಒಂದು ಸಲ ಕೇಳಿದರು. ಒಳಗೆ ಗಟ್ಟಿ ಇಲ್ಲ ಸರ್ ಎಂದೆ. ಆ ಎಲೆಕ್ಟ್ರಿಷಿಯನ್ ವಿಷಯದಲ್ಲಿ ನನ್ನ ಮಾತು ಮೀರಿದ್ದಕ್ಕೆ ಅವರಿಗೆ ಒಂದು ಸಂಕೋಚ ಇತ್ತೋ ಏನೋ, ಮತ್ತೆ ಕೇಳದೆ ಸಹಿ ಹಾಕಿದರು. ಮಲಾವಿಗೆ ಬೇರೆ ಯಾರೋ ಹೋದರು.

ಎರಡು ದಿನ ಬಿಟ್ಟು, ಒಪ್ಪಿಗೆ ಸಿಗದ ಕಾರಣವನ್ನು ಆಫೀಸಿನಲ್ಲಿ ಕೇಳಿ ತಿಳಿದು ಜುಬೈದಾ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಿಸ್ಟರ್, ಪುತ್ತಿಗೆಯಲ್ಲಿ ನೀವು ಬಂದಾಗ ನಾನು ಬಾಗಿಲು ತೆಗೀಬಾರದಿತ್ತಾ? ಅದೂ ಪರೀಕ್ಷೆಯೇ ಆಗಿತ್ತಾ?"

ನನಗೆ ಅದು ಹೊಳೆದೇ ಇರಲಿಲ್ಲ. ತಪ್ಪಿಸಿಕೊಳ್ಳುವ ದಾರಿಯನ್ನು ಅವಳೇ ನನ್ನ ಕೈಗೆ ಕೊಟ್ಟಳು. ನಾನು ಹೌದು ಎಂದೆ.

"ನನಗೆ ಗೊತ್ತಾಗಲಿಲ್ಲ. ನೀವು ಬಂದದ್ದು ಖುಷಿ ಆಯ್ತು, ಅದಕ್ಕೆ ತೆಗೆದೆ. ತಪ್ಪಾಯ್ತು ಸಿಸ್ಟರ್," ಎಂದು ಹೇಳಿ ಹೋದಳು.

ಮರು ಶನಿವಾರ ಅವಳು ಬರಲಿಲ್ಲ. ಅದರ ಮರು ಶನಿವಾರವೂ ಇಲ್ಲ. ಯಾರನ್ನು ಉಳಿಸಿಕೊಳ್ಳಲಿಕ್ಕೆ ಇಷ್ಟು ಮಾಡಿದೆನೋ ಅವಳು ಕಲ್ಲಡ್ಕದಲ್ಲಿದ್ದೂ ನನಗೆ ಇಲ್ಲವಾದಳು. ಆರು ತಿಂಗಳಾದರೂ ಮತ್ತೆ ಅರ್ಜಿ ಹಾಕಲಿಲ್ಲ. ನಾನು ಕೆಲಸ ಮಾಡುತ್ತಾ ಹೋದೆ, ಇನ್ನೆಷ್ಟೋ ಜನರ ಹಲ್ಲು ನೋಡಿದೆ, ರಿಪೋರ್ಟು ಬರೆದೆ. ನಿವೃತ್ತಿಯ ದಿನ ಶಾಲು ಹೊದೆಸಿ ನಿಷ್ಠೆ, ಪ್ರಾಮಾಣಿಕತೆ ಎಂದೆಲ್ಲ ಹೇಳಿದರು. ತಲೆ ತಗ್ಗಿಸಿ ಕೂತಿದ್ದೆ. ವಿನಯ ಎಂದುಕೊಂಡರು.

ನಿವೃತ್ತಿಯಾದ ಮೇಲೆ ಮೊಣಕಾಲು ಕೈಕೊಟ್ಟಿತು. ಬೆಳ್ತಂಗಡಿಯಲ್ಲಿ ಒಬ್ಬರು ಒಳ್ಳೆಯ ಫಿಸಿಯೋ ಇದ್ದಾರೆ ಎಂದು ಗುರುತಿನವರು ಹೇಳಿದರು. ಹೋಗಿ ನೋಡಿದರೆ ಬೋರ್ಡಿನಲ್ಲಿ ಜುಬೈದಾಳ ಹೆಸರು. ತಿರುಗಿ ಹೋಗುವ ಎಂದು ಕಂಡಿತು. ಹೋಗಲಿಲ್ಲ. ಎಂಟೊಂಬತ್ತು ವರ್ಷದಲ್ಲಿ ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ನಗು ಕಡಿಮೆ ಆಗಿತ್ತು. ಸಿಸ್ಟರ್ ಎಂದು ಎದ್ದು ಬಂದು ಕೈಹಿಡಿದು ಮಂಚದ ಮೇಲೆ ಕೂರಿಸಿದಳು. ಎರಡು ಸಲ ಹೋಗಿ ಬಂದೆ, ಮೊಣಕಾಲಿನ ಮಾತು ಬಿಟ್ಟು ಬೇರೆ ಇಲ್ಲ. ಮೂರನೆಯ ಸಲ ನನ್ನನ್ನು ಮಲಗಿಸಿ ಕರೆಂಟಿನ ಪಟ್ಟಿ ಮೊಣಕಾಲಿಗೆ ಕಟ್ಟಿ, ಮೆಷಿನ್ ಹಾಕಿ, ಎದುರಿಗೆ ಸ್ಟೂಲಿನಲ್ಲಿ ಕೂತಳು. ದಿನಾ ಕಲ್ಲಡ್ಕದಿಂದ ಬರ್ತೀಯಾ, ದೂರ ಆಗುವುದಿಲ್ವಾ ಎಂದು ಕೇಳಿದೆ.

"ದೂರವೇ. ಈಗಲೂ ಅಣ್ಣನ ಮನೆಯಲ್ಲೇ ಇರುವುದು, ಹೋಗಿ ಬರುವಾಗ ಬಸ್ಸಲ್ಲೇ ಮೂರು ಗಂಟೆ ಹೋಗ್ತದೆ. ಇಲ್ಲೇ ಒಂದು ರೂಮು ಮಾಡುವ ಅಂತ ಎರಡು ಸಲ ನೋಡಿದೆ. ಮತ್ತೆ ಬೇಡ ಅಂತ ಬಿಟ್ಟೆ. ನಾನು ಒಬ್ಬಳೇ ಇರ್ಲಿಕ್ಕೆ ಆಗುವವಳಲ್ಲ ಅಂತ ನೀವು ಆವತ್ತೇ ಕಂಡುಹಿಡಿದ್ರಿ ಅಲ್ವಾ. ನನಗೇ ನನ್ನ ವಿಷಯ ಗೊತ್ತಿರಲಿಲ್ಲ. ಒಳ್ಳೆಯದೇ ಆಯ್ತು ಸಿಸ್ಟರ್, ಅಲ್ಲಿ ಹೋಗಿ ಮರ್ಯಾದೆ ಕಳ್ಕೊಳ್ತಿದ್ದೆ."

ಒಂದು ಕೆಲಸ ತಪ್ಪಿಸಿದೆ ಎಂದಷ್ಟೇ ನಾನು ಇಷ್ಟು ವರ್ಷ ತಿಳಿದಿದ್ದೆ. ನನ್ನ ಒಂದು ಸಾಲನ್ನು ಈ ಹೆಂಗಸು ತನ್ನ ಗುಣವೆಂದೇ ನಂಬಿ, ಅದರ ಅಳತೆಗೆ ಬದುಕಿದ್ದಳು. ಅಣ್ಣನ ಮನೆಯ ಮೂಲೆಯ ಕೋಣೆ, ಮೂರು ಗಂಟೆಯ ಬಸ್ಸು. ಮಲಗಿದಲ್ಲಿಂದಲೇ ಎಲ್ಲ ಹೇಳಿದೆ. ಲಸಿಕೆಯದ್ದು, ಕಣ್ಣಿನದ್ದು, ರಿಪೋರ್ಟಿನದ್ದು, ಬಾಗಿಲಿನದ್ದು. ನಾನು ಬಂದದ್ದು ಪರೀಕ್ಷೆಯಲ್ಲ, ನನಗೆ ಹೊತ್ತು ಹೋಗದೆ ಬಂದದ್ದು ಎಂದೆ.

ಅವಳು ಏಳಲಿಲ್ಲ, ಮುಖ ತಿರುಗಿಸಲಿಲ್ಲ. ಮೆಷಿನ್ ತನ್ನ ಹೊತ್ತು ಮುಗಿಸಿ ಕೂಗಿದ ಮೇಲೆ ಪಟ್ಟಿ ಬಿಚ್ಚಿ, ಬಟ್ಟೆಯಲ್ಲಿ ನನ್ನ ಮೊಣಕಾಲು ಒರೆಸಿದಳು.

"ಯಾಕೆ ಸಿಸ್ಟರ್?"

"ನೀನು ಹೋದರೆ ನನಗೆ ಮಾತಾಡ್ಲಿಕ್ಕೆ ಯಾರೂ ಇರಲಿಲ್ಲ."

"ಅದನ್ನು ಹೇಳಿದ್ದರೆ ಸಾಕಿತ್ತಲ್ಲ. ಅಲ್ಲಿಂದ ಪ್ರತಿ ಶನಿವಾರ ಫೋನ್ ಮಾಡ್ತಿದ್ದೆ."

ನಾನು ಅತ್ತೆ. ಅವಳು ಅಳಲಿಲ್ಲ. ನನಗೆ ಹೇಳಿದ್ದನ್ನೇ ಅವರಿಗೂ ಬರೆದು ಕೊಡಿ ಎಂದಳು. ಅವರು ಎಂದರೆ ಸಂಸ್ಥೆ. ಅಲ್ಲೇ ಅವಳ ಮೇಜಿನ ಕಾಗದದಲ್ಲಿ ಬರೆದೆ. ಆಗ ಅವಳ ಜೊತೆ ಸೇರಿಕೊಂಡವಳು ನಾನು, ಅವಳು ಒಂಟಿಯಾಗಿಯೇ ಚೆನ್ನಾಗಿದ್ದಳು, ಕೊರತೆ ಇದ್ದದ್ದು ನನ್ನಲ್ಲಿ ಎಂದು. ಅದನ್ನು ಓದಿದ ಮೇಲೆಯೇ ಹೊಸ ನರ್ಸ್ ನನಗೆ ಫೋನ್ ಮಾಡಿ, ಇದನ್ನೆಲ್ಲ ಬರೆಯಿರಿ ಎಂದದ್ದು. ಹಾಗಾಗಿ ಅವಳಿಗೂ, ಅವಳ ನಂತರ ಬರುವವರಿಗೂ ಹೇಳುತ್ತೇನೆ. ಯಾರು ಯಾವಾಗ ಬರುತ್ತಾರೆ ಎಂದು ನೀವು ಬಾಗಿಲು ನೋಡಲು ಶುರುಮಾಡುತ್ತೀರೋ, ಅವರ ಫೈಲನ್ನು ಆವತ್ತೇ ಬೇರೆಯವರ ಕೈಗೆ ಕೊಡಿ.

ಜುಬೈದಾ ನನ್ನ ಉಳಿದ ಸಿಟ್ಟಿಂಗುಗಳನ್ನು ಬಿಡಲಿಲ್ಲ. ಕೊನೆಯ ದಿನದವರೆಗೂ ತಾನೇ ಮಾಡಿದಳು, ಕಾಲು ಎತ್ತಿ, ಇಳಿಸಿ, ಇನ್ನೊಮ್ಮೆ, ಅಷ್ಟೇ ಮಾತು. ನಾನೀಗ ಕೋಲು ಇಲ್ಲದೆ ಬಸ್ಸು ಹತ್ತುತ್ತೇನೆ. ಆ ಕೊನೆಯ ದಿನ, ಸಂಸ್ಥೆಗೆ ಮತ್ತೆ ಅರ್ಜಿ ಹಾಕಿದ್ದೆ, ಜಾಂಬಿಯಾಕ್ಕೆ ಹೋಗಲು ಒಪ್ಪಿಗೆ ಬಂತು ಎಂದು ಹೇಳಿದಳು. ಮುಖದಲ್ಲಿ ಹಳೆಯ ನಗು ಸ್ವಲ್ಪ ಕಂಡಿತು. ಅದನ್ನು ನೋಡಿ ನನಗೆ ಆಸೆ ಹುಟ್ಟಿತು, ನಾಚಿಕೆ ಬಿಟ್ಟು ಕೇಳಿದೆ. ಅಲ್ಲಿಂದ ಫೋನ್ ಮಾಡ್ತೀಯಾ ಜುಬೈದಾ?

"ಇಲ್ಲ ಸಿಸ್ಟರ್, ಮಾಡುವುದಿಲ್ಲ," ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಬೀಳದ ಹಾಗೆ ನನ್ನ ತೋಳು ಹಿಡಿದುಕೊಂಡೇ ಹೇಳಿದಳು.

ಅವಳು ಹೋಗಿ ಎಂಟು ತಿಂಗಳಾಯಿತು. ಹೇಳಿದ ಮಾತಿಗೆ ತಪ್ಪಿಲ್ಲ.